ನಿವೃತ್ತ ಸುಬೇದಾರರನ್ನ 'ಮಧ್ಯಮ ಶ್ರೇಣಿಯ ಅಧಿಕಾರಿ' ಅಂತ ಬರೀಬಹುದಾ?

ಊರಿನ ಸ್ಮರಣ ಸಂಚಿಕೆಗೆ ಸುಬೇದಾರ್ ಆಗಿ ರಿಟೈರ್ ಆದ ಹಿರಿಯರೊಬ್ಬರ ಪರಿಚಯ ಬರೀತಿದೀರಿ, 'ಮಧ್ಯಮ ಶ್ರೇಣಿಯ ಅಧಿಕಾರಿ' ಅಂತ ಹಾಕಿದ್ರೆ ಸರಿ ಆಗತ್ತಾ ಅನ್ನೋದು ನಿಮ್ಮ ಪ್ರಶ್ನೆ. ದಯವಿಟ್ಟು ಹಾಗೆ ಹಾಕ್ಬೇಡಿ. ನಾನು ವಿರಾಜಪೇಟೆ ಕಡೆಯವನು, ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು, ಮಿಲಿಟ್ರಿಯವರು ಇಲ್ಲದ ಕುಟುಂಬ ಹುಡುಕೋದೇ ಕಷ್ಟ, ರ‍್ಯಾಂಕ್ ತಪ್ಪಾದ್ರೆ ಇಲ್ಲಿನ ಜನಕ್ಕೆ ನಿಜವಾಗ್ಲೂ ನೋವಾಗತ್ತೆ.

ಸೈನ್ಯದ ವಿಷಯದಲ್ಲಿ ಮಧ್ಯಮ ಶ್ರೇಣಿಯ ಅಧಿಕಾರಿ ಅಂದ್ರೆ ಕಮಿಷನ್ಡ್ ಆಫೀಸರ್‌ಗಳಲ್ಲೇ ನಡುವಿನೋರು. ಲೆಫ್ಟಿನೆಂಟ್, ಕ್ಯಾಪ್ಟನ್ ಕೆಳಗೆ, ಬ್ರಿಗೇಡಿಯರ್‌ನಿಂದ ಮೇಲೆ ಹಿರಿಯರು, ಇವರ ಮಧ್ಯೆ ಮೇಜರ್, ಲೆಫ್ಟಿನೆಂಟ್ ಕರ್ನಲ್, ಕರ್ನಲ್. ಸುಬೇದಾರರು ಈ ಸಾಲಲ್ಲೇ ಬರಲ್ಲ. ಅವರದು ಜೆಸಿಒ, ಅಂದ್ರೆ ಜೂನಿಯರ್ ಕಮಿಷನ್ಡ್ ಆಫೀಸರ್ ಅಂತ ಬೇರೆನೇ ವರ್ಗ, ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್, ಬ್ರಿಟಿಷರ ಕಾಲದಲ್ಲಿ ಇದೇ ವರ್ಗಕ್ಕೆ ವೈಸ್‌ರಾಯ್ಸ್ ಕಮಿಷನ್ಡ್ ಆಫೀಸರ್ ಅಂತಿದ್ರು. ಜವಾನರಿಗೂ ಆಫೀಸರ್‌ಗಳಿಗೂ ನಡುವೆ ನಿಲ್ಲೋರು ಇವರು. ಹೆಚ್ಚಿನೋರು ಸಿಪಾಯಿಯಾಗಿ ಸೇರಿ ನಾಯಕ್, ಹವಾಲ್ದಾರ್ ಆಗಿ ವರ್ಷಾನುಗಟ್ಟಲೆ ದುಡಿದು ಅಲ್ಲಿಗೆ ಬಂದಿರ್ತಾರೆ, ಅಧಿಕಾರದಲ್ಲಿ ಲೆಫ್ಟಿನೆಂಟ್ ಇವರಿಗಿಂತ ಮೇಲೇ ಇದ್ರೂ ಹೊಸದಾಗಿ ಬಂದ ಆ ಹುಡುಗನೂ ಇವರನ್ನ 'ಸಾಹೇಬ್' ಅಂತಾನೇ ಕರೀಬೇಕು. ಈ ಗೌರವ ನಿಮ್ಮ ಬರಹದಲ್ಲೂ ಇರ್ಲಿ.

ಸಂಚಿಕೆಗೆ ಫೋಟೋ ಹಾಕೋದಿದ್ರೆ ಭುಜ ಸ್ವಲ್ಪ ಗಮನಿಸಿ. ಸುಬೇದಾರ್‌ಗೂ ಎರಡು ಸ್ಟಾರ್, ಲೆಫ್ಟಿನೆಂಟ್‌ಗೂ ಎರಡು ಸ್ಟಾರ್. ಸುಬೇದಾರ್ ಮೇಜರ್ ಭುಜದ ಮೇಲೂ ಅಶೋಕ ಸಿಂಹ, ಮೇಜರ್ ಭುಜದ ಮೇಲೂ ಅದೇ ಸಿಂಹ. ಗೊತ್ತಾಗೋದು ಕೆಳಗಿರೋ ಪಟ್ಟಿಯಿಂದ, ಕೆಂಪು ಬಣ್ಣ, ನಡುವೆ ಹಳದಿ, ಅದಿದ್ರೆ ಜೆಸಿಒ. ಬ್ಲ್ಯಾಕ್ ಆಂಡ್ ವೈಟ್ ಫೋಟೋ ಆದ್ರೆ ಬಣ್ಣ ಕಾಣಲ್ಲ, ಪಟ್ಟಿ ಇದೆಯಾ ಅಂತ ಮಾತ್ರ ನೋಡ್ಕೊಳಿ.

ಇನ್ನು ಪದದ ಬಳಕೆ. 'ಶ್ರೇಣಿಯ' ಬಿಟ್ಟು ಬರೀ 'ಮಧ್ಯಮ ಅಧಿಕಾರಿ' ಅಂದ್ರೆ ಅಷ್ಟಕ್ಕಷ್ಟೇ ಇರೋ ಅಧಿಕಾರಿ ಅನ್ನೋ ಹಾಗೆ ಕೇಳ್ಸತ್ತೆ. 'ಮಧ್ಯಂತರ' ಅಂತೂ ಇಲ್ಲಿಗೆ ಬರೋದೇ ಇಲ್ಲ, ಅದು ಜಾಮೀನಿಗೆ, ಬಜೆಟ್‌ಗೆ ಹೇಳೋ ಮಾತು. ಜೂನಿಯರ್ ಅಂತ ಇದೆಯಲ್ಲ ಅಂದ್ಕೊಂಡು 'ಕಿರಿಯ ಅಧಿಕಾರಿ' ಅಂತನೂ ಬರೀಬೇಡಿ, ಓದೋರು ಯಾರೋ ಹೊಸಬರು ಅಂದ್ಕೋತಾರೆ. ಬ್ಯಾಂಕು, ಕಂಪನಿ, ಸರ್ಕಾರಿ ಆಫೀಸಿನವರ ಬಗ್ಗೆ ಆದ್ರೆ 'ಮಧ್ಯಮ ಶ್ರೇಣಿಯ' ಧಾರಾಳವಾಗಿ ಬಳಸಿ, ಅಲ್ಲಿ ತೊಂದ್ರೆ ಇಲ್ಲ.

ನೀವು ನೇರವಾಗಿ 'ಭಾರತೀಯ ಸೇನೆಯಲ್ಲಿ ಸುಬೇದಾರ್ ಆಗಿ ನಿವೃತ್ತರಾದರು' ಅಂತ ಬರೀರಿ, ರೆಜಿಮೆಂಟ್ ಹೆಸರೂ ಸೇರ್ಸಿ. ಆದ್ರೆ ಅಚ್ಚಿಗೆ ಕೊಡೋ ಮೊದ್ಲು ಮನೆಯವರನ್ನ ಒಂದು ಮಾತು ಕೇಳಿ, ಜನವರಿ 26ಕ್ಕೆ, ಆಗಸ್ಟ್ 15ಕ್ಕೆ ಕೆಲವು ಜೆಸಿಒಗಳಿಗೆ ಹಾನರರಿ ಲೆಫ್ಟಿನೆಂಟ್, ಹಾನರರಿ ಕ್ಯಾಪ್ಟನ್ ಪದವಿ ಕೊಡ್ತಾರೆ, ಇವರಿಗೂ ಬಂದಿದ್ರೆ ಹೆಸರಿಗಿಂತ ಮೊದ್ಲು ಅದನ್ನೇ ಹಾಕ್ಬೇಕು.