ಕೂಸು ಐಸಿಯುನಲ್ಲಿ, ಬಾಣಂತಿ ಮನೆಯಲ್ಲಿ

ತಮ್ಮಾ, 29 ವಾರಕ್ಕೇ ಹೆರಿಗೆಯಾಗಿ ಕೂಸು ಐಸಿಯುನಲ್ಲಿದೆ, ಇಂಗ್ಲೆಂಡಿನಲ್ಲಿ ಖರ್ಚು ಎಷ್ಟು ಬರುತ್ತೆ, ಅತ್ತೆಯನ್ನು ಈಗಲೇ ಕರೆಸಲಾ ಇಲ್ಲ ಕೂಸು ಮನೆಗೆ ಬಂದ ಮೇಲಾ, ಅಂತ ಕೇಳಿದ್ದೀಯ. ನೀನು ಆಲೂರಿನವನು, ನಾನು ಸಕಲೇಶಪುರದ ಕಡೆಯವಳು. ಅಕ್ಕನಾಗಿ ಹೇಳ್ತೀನಿ, ಈಗಲೇ ಕರೆಸು.

ದುಡ್ಡಿನ ಚಿಂತೆ ಬಿಡು. ವೀಸಾ ಜೊತೆ ಇಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಅಂತ ಹೆಲ್ತ್ ಸರ್‌ಚಾರ್ಜ್ ಕಟ್ಟಿ ಬಂದಿದ್ದೀಯಲ್ಲ, ಆಸ್ಪತ್ರೆ ಬಿಲ್ ಬರಲ್ಲ. ಆದರೆ ಕೂಸಿಗೂ ವೀಸಾ ಬೇಕು, ಮೂರು ತಿಂಗಳು ತುಂಬೋದರೊಳಗೆ ಅರ್ಜಿ ಹಾಕು. ಜನನ ನೋಂದಣಿಗೆ 42 ದಿನ ಇದೆ, ಅಷ್ಟರಲ್ಲಿ ಹೆಸರು ಗೊತ್ತು ಮಾಡಿಕೊಳ್ಳಿ. ತೊಟ್ಟಿಲು ಶಾಸ್ತ್ರ ಊರಿಗೆ ಹೋದಾಗ ಆಯ್ತು. ರಜೆಗೆ 2025ರ ಏಪ್ರಿಲ್‌ನಿಂದ ಹೊಸ ಕಾನೂನು ಬಂದಿದೆ: ಕೂಸು ಸತತ ಏಳು ದಿನ ಆಸ್ಪತ್ರೆಯಲ್ಲಿದ್ದರೆ ಅಪ್ಪನಿಗೂ ಅಮ್ಮನಿಗೂ ಬೇರೆ ರಜೆ, 12 ವಾರದವರೆಗೆ. ನಮ್ಮ ಕಾಲಕ್ಕೆ ಇರಲಿಲ್ಲ. ಕೆಲಸಕ್ಕೆ ಸೇರಿ 26 ವಾರ ಆಗಿರದಿದ್ದರೆ ಅದಕ್ಕೆ ಹಣ ಸಿಗಲ್ಲ, ರಜೆ ಮಾತ್ರ.

ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತ ಊರಲ್ಲಿ ಹೇಳೋದನ್ನ ತಲೆಗೆ ಹಾಕಿಕೊಳ್ಳಬೇಡ. ಹೊಟ್ಟೆಯಲ್ಲಿ ಒಂದು ವಾರ ಹೆಚ್ಚು ಇದ್ದಷ್ಟೂ ಒಳ್ಳೆಯದೇ. ಮೂಗಿಗೆ ಸಿಪ್ಯಾಪ್ ಅನ್ನೋ ಉಸಿರಾಟದ ಯಂತ್ರ ಹಾಕಿರೋದು ಶ್ವಾಸಕೋಶ ಮುದುರದಂತೆ ಗಾಳಿ ಒತ್ತೋಕೆ. ಇಷ್ಟು ಎಳೆಯ ಕೂಸುಗಳು ನಿದ್ದೆಯಲ್ಲಿ ಉಸಿರಾಡೋದನ್ನೇ ಮರೆತುಬಿಡುತ್ತವೆ, ಅದಕ್ಕೆ ಕೆಫೀನ್ ಕೊಡ್ತಾರೆ. ಕಾಫಿ ತೋಟದ ಮನೆಯವಳಾಗಿ ನಾನೂ ಅದನ್ನು ಕೇಳಿದ್ದು ನನ್ನ ಮಗ ಐಸಿಯುನಲ್ಲಿದ್ದಾಗಲೇ ಮೊದಲು. ಮಾನಿಟರ್ ಬಡಿದುಕೊಂಡಾಗಲೆಲ್ಲ ನಿನ್ನ ಎದೆ ಒಡೆಯುತ್ತೆ. ನರ್ಸ್ ಮೊದಲು ಕೂಸಿನ ಬಣ್ಣ ನೋಡ್ತಾಳೆ, ಆಮೇಲೆ ಪರದೆ. ನೀನೂ ಹಾಗೇ ನೋಡು. ಚೀಪಿ, ನುಂಗಿ, ಉಸಿರಾಡೋದು ಮೂರೂ ಕೂಡಿಬರೋಕೆ ಬಸಿರಿನ ಲೆಕ್ಕದಲ್ಲಿ 34 ವಾರ ಆಗಬಹುದು, ಅಲ್ಲಿವರೆಗೆ ಮೂಗಿನ ಕೊಳವೆಯಲ್ಲೇ ಹಾಲು.

ಕೂಸಿಗೆ ಅಷ್ಟೊಂದು ಜನ ಇದ್ದಾರೆ. ನಾನು ಹೇಳಬೇಕಾದ್ದು ನಿನ್ನ ಹೆಂಡತಿಯ ವಿಷಯ.

ನಾವು ಬರ್ಮಿಂಗ್‌ಹ್ಯಾಮ್‌ಗೆ ಬಂದಿಳಿದದ್ದು 2008ರ ಜನವರಿಯಲ್ಲಿ. ಸಂಜೆ ನಾಲ್ಕೂವರೆಗೇ ಕತ್ತಲು, ಮಾತಾಡಿಸೋಕೆ ಒಬ್ಬರಿಲ್ಲ. ಆ ವರ್ಷವೇ ಮಗ 30 ವಾರಕ್ಕೆ ಹುಟ್ಟಿದ. ಅವನನ್ನು ಅಲ್ಲೇ ಬಿಟ್ಟು ನನ್ನನ್ನು ಮನೆಗೆ ಕಳಿಸಿದರು. ಬಸುರಿಯಾಗಿ ಹೋದವಳು ಬರಿಗೈಯಲ್ಲಿ ಬಂದೆ. ಊರಲ್ಲಾಗಿದ್ದರೆ ಹಂಡೆ ನೀರು, ಎಣ್ಣೆ, ಸಾಂಬ್ರಾಣಿ ಹೊಗೆ, ಎದ್ದು ಓಡಾಡಿದರೆ ಬೈಯೋರು; ನಿನಗೆ ಹೇಳಬೇಕಿಲ್ಲ. ಇಲ್ಲಿ ಒಂದು ಪಂಪು. ಹಗಲು ರಾತ್ರಿ ಸೇರಿ ಎಂಟು ಸಲಕ್ಕೆ ಕಡಿಮೆಯಾಗದಂತೆ ಹಾಲು ತೆಗೆಯಬೇಕು. ಮೊದಮೊದಲು ಸಿರಿಂಜಿನ ತಳದಲ್ಲಿ ಹಳದಿ ಹಾಲು ಒಂದು ಗೆರೆ ಬರ್ತಿತ್ತು, ಅದರ ಮೇಲೆ ಹೆಸರು, ತಾರೀಖು, ಗಂಟೆ ಬರೆದು ಫ್ರಿಜ್ಜಿಗೆ ಇಡ್ತಿದ್ದೆ. ಕೂಸು ಅಳದ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟುಕೊಂಡು ಏಳೋದು ಎಂಥದ್ದು ಅಂತ ಯಾರಿಗೂ ಹೇಳೋಕೆ ಆಗಲ್ಲ.

ಊರಿಂದ ಬಂದ ಫೋನಿನಲ್ಲೆಲ್ಲ ಕೂಸಿನ ತೂಕದ್ದೇ ಮಾತು. ನೀನು ಉಂಡೆಯಾ ಅಂತ ಕೇಳಿದ್ದು ನಮ್ಮವ್ವ ಒಬ್ಬಳೇ. ಅವಳಿಗೆ ಪಾಸ್‌ಪೋರ್ಟೇ ಇರಲಿಲ್ಲ, ಮಾಡಿಸಿ ವೀಸಾ ಸಿಗೋ ಹೊತ್ತಿಗೆ ಮಗ ಮನೆಗೆ ಬಂದಿದ್ದ. ಮಗ ಈಗ ನನಗಿಂತ ಎತ್ತರ. ಆದರೂ ಆ ದಿನಗಳಲ್ಲಿ ಅವ್ವ ಹತ್ತಿರ ಇರಲಿಲ್ಲವಲ್ಲ ಅನ್ನೋ ಕೊರಗು ಹೋಗಿಲ್ಲ.

ಅದಕ್ಕೇ ಹೇಳಿದ್ದು, ನಿಮ್ಮ ಅತ್ತೆ ಬರಬೇಕಾದ್ದು ಕೂಸಿಗಲ್ಲ, ಮಗಳಿಗೆ. ಅಜ್ಜಿಯನ್ನು ಐಸಿಯು ಒಳಗೆ ಎಷ್ಟು ಹೊತ್ತು ಬಿಡ್ತಾರೋ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ವಿಸಿಟರ್ ವೀಸಾದಲ್ಲಿ ಆರು ತಿಂಗಳು ಇರಬಹುದು. ಅವರಿಗೆ ಇನ್ಶೂರೆನ್ಸ್ ಮಾಡಿಸದೆ ವಿಮಾನ ಹತ್ತಿಸಬೇಡ, ಇಲ್ಲಿ ಹುಷಾರು ತಪ್ಪಿದರೆ ಬಿಲ್ ನಿನ್ನ ತಲೆಗೇ.

ಅವರು ಬರೋವರೆಗೆ ಎಲ್ಲ ನಿನ್ನದೇ. ಮೆಣಸಿನ ಸಾರು ಕಲಿ, ಪಂಪಿನ ಬಾಟಲಿ ನೀನೇ ತೊಳೆದು ಕುದಿಸು. ನರ್ಸ್ ಕರೀಲಿ ಅಂತ ಗೋಡೆಗೊರಗಿ ನಿಲ್ಲಬೇಡ. ದೊಡ್ಡವರೆದುರು ಬಾಯಿ ಬಿಡದೆ ಬೆಳೆದವರು ನಾವು, ಇಲ್ಲಿ ಕೇಳಿದವರಿಗೇ ಬೇಗ ಸಿಗೋದು. ಎದೆ ಮೇಲೆ ಕೂಸು ಮಲಗಿಸಿಕೊಳ್ಳೋದು ಯಾವಾಗ ಅಂತ ದಿನಾ ಕೇಳು. ಅವಳಾದ ಮೇಲೆ ನೀನೂ ಅಂಗಿ ಬಿಚ್ಚಿ ಕೂರು.

ನನ್ನ ನಂಬರ್ ಅವಳಿಗೆ ಕೊಡು. ರಾತ್ರಿ ಹಾಲು ತೆಗೆಯೋಕೆ ಎದ್ದಾಗ ಮಾಡಿದರೂ ಎತ್ತುತ್ತೀನಿ.