ಸೆಮಿ ಅಕೌಸ್ಟಿಕ್ ಗಿಟಾರ್ ರೆಕಾರ್ಡಿಂಗ್‌ಗೆ ಮೈಕಾ, ಪಿಕಪ್ಪಾ?

ರೂಮಲ್ಲಿ ಗಲಾಟೆ ಜಾಸ್ತಿ, ಗಿಟಾರಿನೊಳಗಿನ ಪಿಕಪ್‌ಗೆ (ತಂತಿಯ ಅದುರನ್ನ ಕರೆಂಟ್ ಸಿಗ್ನಲ್ ಮಾಡೋ ಸಾಧನ) ಕೇಬಲ್ ಹಾಕಿದ್ರೆ ಕ್ಲೀನಾಗಿ ಬರುತ್ತೆ, ಹಂಗಿರುವಾಗ ಕಂಡೆನ್ಸರ್ ಮೈಕ್‌ಗೆ (ಸಣ್ಣ ಸೌಂಡನ್ನೂ ಹಿಡಿಯೋ ಸೂಕ್ಷ್ಮ ಮೈಕು) ಎಂಟತ್ತು ಸಾವಿರ ಸುರಿಯೋದು ದಂಡ ಅಲ್ವಾ ಅಂತ ಗಿಟಾರಿನ ಫೋಟೋನೂ ಹಾಕಿ ಕೇಳಿದೀರ. ಇದೇ ಪ್ರಶ್ನೆನ ನಾನು 2018ರಲ್ಲಿ ಗೊತ್ತಿರೋರೊಬ್ರನ್ನ ಕೇಳಿದ್ದೆ. ಅವ್ರು "ಯಾಕ್ ತಲೆ ಕೆಡಿಸ್ಕೊತೀಯ, ಎರಡರಲ್ಲೂ ರೆಕಾರ್ಡ್ ಮಾಡ್ಕೋ, ಆಮೇಲೆ ಮಿಕ್ಸ್ ಮಾಡ್ಕೊಂಡ್ರಾಯ್ತು" ಅಂದ್ರು. ನಿಮಗೂ ಇಲ್ಲಿ ಯಾರಾದ್ರೂ ಅದನ್ನೇ ಹೇಳ್ತಾರೆ, ನೋಡ್ತಿರಿ. ಅದಕ್ಕೇ ಮೊದ್ಲು ನನ್ನ ಕತೆ ಕೇಳಿ.

ನಮ್ಮ ಸೋದರಮಾವ ದಾವಣಗೆರೆಯವ್ರು, ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ಗಿಟಾರ್ ನುಡಿಸಿದವ್ರು. ಗಣೇಶನ ಹಬ್ಬ ಬಂದ್ರೆ ಒಂದು ತಿಂಗಳು ಮನೇಲೇ ಇರ್ತಿರ್ಲಿಲ್ಲ, ಇವತ್ತು ಹರಿಹರ, ನಾಳೆ ರಾಣೆಬೆನ್ನೂರು, ನಾಡಿದ್ದು ಚಿತ್ರದುರ್ಗ. ಹಾಡೋರು ಬರೋದು ಲೇಟಾದಾಗ ಜನ ಎದ್ದು ಹೋಗ್ಬಾರ್ದು ಅಂತ ಒಂದೈದು ಟ್ಯೂನ್ ಅವರೇ ಕಟ್ಕೊಂಡಿದ್ರು, ಬರೀ ಗಿಟಾರು, ಹಾಡಿಲ್ಲ ಏನಿಲ್ಲ. ಅದನ್ನ ಯಾರೂ ಯಾವತ್ತೂ ರೆಕಾರ್ಡ್ ಮಾಡಿರ್ಲಿಲ್ಲ. ಅವರು ಬೆಂಗಳೂರಿಗೆ ಬಂದು ನಮ್ಮನೇಲಿ ಹತ್ತು ದಿನ ಇದ್ದಾಗ ನಾನು ಹೊಸದಾಗಿ ತಗೊಂಡಿದ್ದ ಎರಡು ಇನ್‌ಪುಟ್‌ನ ಇಂಟರ್‌ಫೇಸು (ಮೈಕು, ಗಿಟಾರನ್ನ ಲ್ಯಾಪ್‌ಟಾಪಿಗೆ ಜೋಡಿಸೋ ಡಬ್ಬ), ಒಂದು ಕಂಡೆನ್ಸರ್ ಮೈಕು ಇಟ್ಕೊಂಡು ದೊಡ್ಡ ಇಂಜಿನಿಯರ್ ಥರ ಕೂತೆ. ಒಂದನೇ ಇನ್‌ಪುಟ್‌ಗೆ ಮೈಕ್, ಎರಡನೇದಕ್ಕೆ ಅವರ ಗಿಟಾರಿನ ಪಿಕಪ್ ಕೇಬಲ್. ರಾತ್ರಿ ಹನ್ನೊಂದೂವರೆಗೆ ಶುರು ಮಾಡಿ ಒಂದು ಗಂಟೆ ತನಕ. ಐದು ಟ್ಯೂನು, ಒಂದೊಂದಕ್ಕೂ ಹತ್ತತ್ತು ಟೇಕು.

ಎಡಗಿವಿಗೆ ಮೈಕು ಬಲಗಿವಿಗೆ ಪಿಕಪ್ಪು ಹಾಕಿ ಹೆಡ್‌ಫೋನಲ್ಲಿ ಕೇಳಿದ್ರೆ, ಅಬ್ಬಾ, ಗಿಟಾರು ರೂಮಿನಷ್ಟು ಅಗಲ ಆಗಿತ್ತು. ಮಾವಂಗೂ ಹಾಕಿದೆ, ತಲೆ ಆಡಿಸಿ "ಪರವಾಗಿಲ್ಲ ಕಣ್ಲೇ" ಅಂದ್ರು, ಅವ್ರ ಬಾಯಲ್ಲಿ ಅದು ದೊಡ್ಡ ಮಾತು. ಅವರು ವಾಪಸ್ ಹೋದ್ಮೇಲೆ ತಬಲಾ, ಕೀಬೋರ್ಡ್ ಸೇರಿಸಿ ಕೊಡ್ತೀನಿ ಅಂದಿದ್ದ ಫ್ರೆಂಡು "ಗಿಟಾರ್ ಎಲ್ಲಾ ಒಂದೇ ಮೋನೋ ಟ್ರ್ಯಾಕ್ ಮಾಡಿ ಕಳಿಸ್ಬಿಡು" ಅಂದ. ನಾನು ಮೈಕು ಪಿಕಪ್ಪು ಎರಡನ್ನೂ ಸೇರಿಸಿ ಮೋನೋ, ಅಂದ್ರೆ ಎಡ ಬಲ ಇಲ್ಲದ ಒಂದೇ ಟ್ರ್ಯಾಕ್ ಮಾಡಿ, ಫೈಲ್ ಬಂತಾ ಬಂತು, ಅಷ್ಟೇ ನೋಡಿ, ಕೇಳದೇನೇ ಕಳಿಸ್ದೆ. ನನ್ನ ಲ್ಯಾಪ್‌ಟಾಪಲ್ಲಿ ಇದ್ದಿದ್ದು 128 ಜಿಬಿ ಡಿಸ್ಕು, ಯಾವಾಗ್ಲೂ ತುಂಬಿರೋದು. ಇನ್ನು ಒರಿಜಿನಲ್ ಯಾಕೆ ಅಂತ ಎಲ್ಲಾ ಟೇಕೂ ಡಿಲೀಟ್ ಹೊಡೆದೆ, ರಿಸೈಕಲ್ ಬಿನ್ನೂ ಖಾಲಿ ಮಾಡ್ದೆ. ಲೆಕ್ಕ ಹಾಕಿದ್ರೆ ಹೊಟ್ಟೆ ಉರಿಯುತ್ತೆ: 24 ಬಿಟ್, 44.1 ಕಿಲೋಹರ್ಟ್ಜ್‌ಗೆ ಮೋನೋ ಟ್ರ್ಯಾಕು ನಿಮಿಷಕ್ಕೆ 8 ಎಂಬಿ, ಎರಡು ಟ್ರ್ಯಾಕು, ಒಂದೂವರೆ ಗಂಟೆ, ಎಲ್ಲಾ ಸೇರಿ ಹೆಚ್ಚೆಂದ್ರೆ ಒಂದೂವರೆ ಜಿಬಿ. ಒಂದು ಪೆನ್‌ಡ್ರೈವಿನ ಮೂಲೇಲಿ ಬಿದ್ದಿರ್ತಿತ್ತು.

ಎರಡು ದಿನ ಬಿಟ್ಟು ಫ್ರೆಂಡ್ ಫೋನ್ ಮಾಡಿ "ಏನೋ ಇದು, ಬಿಂದಿಗೆ ಒಳಗೆ ಕೂತ್ಕೊಂಡು ನುಡಿಸಿದಾರಾ" ಅಂತ ಕೇಳ್ದ. ಆಗ ಕೇಳ್ದೆ. ಟೊಳ್ಳು. ದಪ್ಪ ಇಲ್ಲ, ಮೈ ಇಲ್ಲ, ಅದೂ ಸಾಲದು ಅಂತ ನಡುನಡುವೆ ಸುಯ್ ಸುಯ್ ಅಂತ ಗಾಳಿ ಬೀಸಿದಂಗೆ ಸೌಂಡೇ ಬದಲಾಗ್ತಿತ್ತು.

ಯಾಕೆ ಹಿಂಗಾಯ್ತು ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೋರಾದ್ರೆ ಆಗ್ಲಿ, ಯಾಕಂದ್ರೆ ನಂಗೆ ಇದನ್ನ ಯಾರೂ ಹೇಳಿರ್ಲಿಲ್ಲ. ಪಿಕಪ್ ಇರೋದು ಬ್ರಿಡ್ಜಲ್ಲಿ, ತಂತಿ ಕೂರೋ ಬಿಳೀ ಪಟ್ಟಿ ಕೆಳಗೆ. ತಂತಿ ಮೀಟಿದ ತಕ್ಷಣ ಅದಕ್ಕೆ ಗೊತ್ತಾಗುತ್ತೆ. ಮೈಕ್ ಇರೋದು 30 ಸೆಂಟಿಮೀಟರ್ ದೂರದಲ್ಲಿ. ಗಾಳೀಲಿ ಶಬ್ದ ಸೆಕೆಂಡಿಗೆ ಹತ್ತತ್ರ 343 ಮೀಟರ್ ಹೋಗುತ್ತೆ, ಅಂದ್ರೆ ಮೈಕ್ ಮುಟ್ಟೋಕೆ ಸುಮಾರು 0.87 ಮಿಲಿಸೆಕೆಂಡ್ ಬೇಕು. ಅಷ್ಟೇನಾ ಅನ್ಸುತ್ತೆ. ಆದ್ರೆ ಒಂದೇ ಸೌಂಡಿನ ಎರಡು ಕಾಪಿನ ಅಷ್ಟು ಹಿಂದೆಮುಂದೆ ಇಟ್ಟು ಕೂಡಿಸಿದ್ರೆ, 570 ಹರ್ಟ್ಜ್ ಆಸುಪಾಸಲ್ಲಿ ಒಂದರ ಅಲೆ ಮೇಲೆ ಹೋಗುವಾಗ ಇನ್ನೊಂದರದ್ದು ಕೆಳಗೆ ಇಳೀತಿರುತ್ತೆ, ಎರಡೂ ಹೊಡೆದಾಡ್ಕೊಂಡು ಹೋಗ್ಬಿಡುತ್ತೆ. ಅದರ ಮೂರರಷ್ಟು, 1700ರ ಹತ್ರ ಇನ್ನೊಂದು ಗುಂಡಿ, ಐದರಷ್ಟು, 2850ರ ಹತ್ರ ಮತ್ತೊಂದು, ಹಿಂಗೇ ಬಾಚಣಿಗೆ ಹಲ್ಲಿನ ಥರ ಮೇಲಿನ ತನಕ. ಅದಕ್ಕೇ ಇದರ ಹೆಸರು ಕೂಡ ಕೋಂಬ್ ಫಿಲ್ಟರ್. ಗಿಟಾರಿನ ದನಿಯ ಮಾಂಸ ಇರೋ ಜಾಗಾನೇ ಅದು.

ಹೆಡ್‌ಫೋನಲ್ಲಿ ಯಾಕೆ ಗೊತ್ತಾಗ್ಲಿಲ್ಲ ಅಂದ್ರೆ ಒಂದು ಎಡಕ್ಕೆ ಒಂದು ಬಲಕ್ಕೆ ಇತ್ತಲ್ಲ, ಎರಡೂ ಸೇರ್ತಾನೇ ಇರ್ಲಿಲ್ಲ, ಕಿವಿ ಆ ಸಣ್ಣ ವ್ಯತ್ಯಾಸನ 'ಅಗಲ' ಅಂತ ಓದ್ಕೊಳ್ತಿತ್ತು. ಮೋನೋ ಮಾಡಿದಾಗ ಕೂಡಿಕೊಂಡ್ವು, ಕಚ್ಚಾಡಿದ್ವು. ಇನ್ನು ಸುಯ್ ಸುಯ್? ಮಾವ ಕಣ್ಮುಚ್ಕೊಂಡು ತೂಗಾಡ್ತಾ ನುಡಿಸೋರು. ಅವರು ಮುಂದೆ ಬಂದಂಗೆ ಮೈಕಿನ ದೂರ ಬದಲಾಗಿ ಆ ಗುಂಡಿಗಳೂ ಜರುಗ್ತಿದ್ವು. ಈಕ್ಯೂ (ಬೇಕಾದ ಹರ್ಟ್ಜ್ ಜಾಗದ ಸೌಂಡನ್ನ ಏರಿಸಿ ಇಳಿಸೋದು) ಹಾಕಿ ಆ ಗುಂಡಿಗಳನ್ನ ಎತ್ತೋಣ ಅಂತ ಎರಡು ವಾರ ಒದ್ದಾಡಿದೆ, ಇಲ್ಲದ್ದನ್ನ ಎಲ್ಲಿಂದ ಎತ್ತೋದು, ಹಿಸ್ ಮಾತ್ರ ಎದ್ದು ಬಂತು.

ಎರಡು ಟ್ರ್ಯಾಕ್ ಬೇರೆಬೇರೆ ಇದ್ದಿದ್ರೆ ಐದು ನಿಮಿಷದ ಕೆಲ್ಸ ಅದು. ಮೈಕ್ ಟ್ರ್ಯಾಕ್ ಜೂಮ್ ಮಾಡಿ 38-39 ಸ್ಯಾಂಪಲ್ (ಸೆಕೆಂಡಿಗೆ 44,100 ಇರೋ ಚೂರುಗಳು) ಹಿಂದಕ್ಕೆ ಎಳೆದು ಪಿಕಪ್ ಅಲೆ ಜೊತೆ ಕೂರಿಸಿದ್ರೆ ಮುಕ್ಕಾಲು ಪಾಲು ಸರಿಹೋಗ್ತಿತ್ತು, ಇಲ್ಲಾಂದ್ರೆ ಪಿಕಪ್ಪನ್ನೇ ಮ್ಯೂಟ್ ಮಾಡಿದ್ರೂ ಆಗ್ತಿತ್ತು. ಮೋನೋ ಬದ್ಲು ಸ್ಟೀರಿಯೋ ಫೈಲ್ ಮಾಡಿ ಇಟ್ಟಿದ್ರೂ ಸಾಕಿತ್ತು, ಎಡ ಬಲ ಬಿಡಿಸ್ಕೊಂಡ್ರೆ ಎರಡೂ ವಾಪಸ್ ಸಿಗ್ತಿದ್ವು! ಕಾಫಿಗೆ ಹಾಲು ಬೆರೆಸಿ ಆಮೇಲೆ ಹಾಲು ವಾಪಸ್ ಕೊಡಿ ಅಂದಂಗೆ ಆಯ್ತು ನನ್ನ ಕತೆ.

ಮತ್ತೆ ನುಡಿಸಿಸ್ಬಹುದಿತ್ತಲ್ಲ ಅಂತೀರ. ಅಷ್ಟೊತ್ತಿಗೆ ಮಾವನ ಎಡಗೈ ಉಂಗುರ ಬೆರಳು ಮಡಿಸಿದ್ರೆ ಬಿಡಿಸೋಕೆ ಬರ್ತಿರ್ಲಿಲ್ಲ, ಟ್ರಿಗರ್ ಫಿಂಗರ್ ಅಂತಾರೆ, ಆಪರೇಶನ್ ಆಯ್ತು, ಆದ್ರೂ ಮೊದಲಿನ ಹಿಡಿತ ಬರ್ಲಿಲ್ಲ. ಬಾರ್ ಕಾರ್ಡ್ (ಒಂದೇ ಬೆರಳಲ್ಲಿ ಎಲ್ಲಾ ತಂತಿ ಅದುಮಿ ಹಿಡಿಯೋದು) ಜಾಸ್ತಿ ಇದ್ದ ಮೂರು ಟ್ಯೂನ್ ಅಲ್ಲಿಗೆ ಮುಗೀತು. ಆ ಟೊಳ್ಳು ಫೈಲೇ ಈಗ ಉಳಿದಿರೋದು. ಅವರಿಗೆ ಕೇಳಿಸ್ದಾಗ ಬೈಲಿಲ್ಲ, "ಇದು ನನ್ ಗಿಟಾರ್ ಅಲ್ವಲ್ಲಲೇ" ಅಂದ್ರು ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು.

ಈಗ ನಿಮ್ಮ ವಿಷ್ಯ. ಪಿಕಪ್ಪಲ್ಲಿ 'ಕ್ಲೀನಾಗಿ' ಬರುತ್ತೆ ಅಂದ್ರಲ್ಲ, ಅದನ್ನ ನಾನು ಒಪ್ಪಲ್ಲ. ಅದು ಕ್ಲೀನ್ ಅಲ್ಲ, ಅರ್ಧ ಗಿಟಾರು. ಈ ಪಿಕಪ್ಪಲ್ಲಿರೋದು ಪೀಜೋ. ಪೀಜೋ ಅಂದ್ರೆ ಏನು, ಅಡಿಗೆಮನೆ ಗ್ಯಾಸ್ ಲೈಟರ್ ಟಕ್ ಅಂತ ಒತ್ತಿದ್ರೆ ಕಿಡಿ ಬರುತ್ತಲ್ಲ, ಅದೇ. ಒತ್ತಿದ್ರೆ ಕರೆಂಟ್ ಕೊಡೋ ಹರಳು, 1880ರಲ್ಲಿ ಪಿಯರ್ ಕ್ಯೂರಿ ಮತ್ತು ಅವರಣ್ಣ ಜಾಕ್ ಕ್ಯೂರಿ ಕಂಡುಹಿಡಿದಿದ್ದು. ಅದಕ್ಕೆ ಗೊತ್ತಿರೋದು ತಂತಿಯ ಒತ್ತಡ ಮಾತ್ರ. ನೀವು ದುಡ್ಡು ಕೊಟ್ಟಿರೋದು ಮರಕ್ಕೆ, ಆ ಮರದ ಮುಂಭಾಗ ನಡುಗಿ ಗಾಳಿಗೆ ಹಾಕೋ ಸೌಂಡನ್ನ ಅದು ಕೇಳಲ್ಲ. ಜೋರಾಗಿ ಸ್ಟ್ರಮ್ ಮಾಡಿದಾಗ ರಬ್ಬರ್ ಬ್ಯಾಂಡ್ ಎಳೆದಂಗೆ ಒಂದು ಸೌಂಡ್ ಬರುತ್ತಲ್ಲ, ಅದು ಇದರದ್ದೇ ಕೊಡುಗೆ. ಸ್ಟೇಜ್ ಮೇಲೆ ಪಕ್ಕದಲ್ಲಿ ಡ್ರಮ್ಸ್ ಇದ್ದಾಗ ಪಿಕಪ್ ದೇವರು, ಮೈಕಿಟ್ರೆ ಮಾನಿಟರ್ (ನುಡಿಸೋರ ಕಡೆ ತಿರುಗಿಸಿರೋ ಸ್ಪೀಕರ್) ಕುಯ್ಯಂತ ಕೂಗುತ್ತೆ. ಮನೇಲಿ ಯಾರು ಕೂಗ್ತಾರೆ? (ಸ್ಟೇಜಿಗೆ ಹೋಗೋದಿದ್ರೆ ಒಂದು ಮಾತು, ಕೇಬಲ್ ಚುಚ್ಚೇ ಇಟ್ರೆ ಒಳಗಿನ 9 ವೋಲ್ಟ್ ಬ್ಯಾಟರಿ ಸುಮ್ನೆ ಖಾಲಿಯಾಗ್ತಿರುತ್ತೆ, ತೆಗೆದಿಡಿ.)

ಗಲಾಟೆ ಅಂತೀರ, ಫ್ಯಾನ್ ಆಫ್ ಮಾಡಿದ್ರೆ ಅರ್ಧ ಗಲಾಟೆ ಹೋಯ್ತು. ಫ್ರಿಡ್ಜ್ ಪಕ್ಕದ ಗೋಡೆಲಿದ್ರೆ ಅರ್ಧ ಗಂಟೆ ಅದನ್ನೂ ಆಫ್ ಮಾಡಿ, ಆಮೇಲೆ ಮರೀದೆ ಹಾಕಿ, ನಮ್ಮನೇಲಿ ಒಂದ್ಸಲ ಹಾಲು ಒಡೆದು ಆಗಿದ್ದು ಆಗಿದೆ. ಗಿಟಾರ್ ನಿಮ್ಮ ಮೈಕಿಗೆ ಒಂದಡಿ ದೂರ, ರೋಡಿನ ಆಟೋ ಐವತ್ತಡಿ ದೂರ, ಹತ್ರ ಇಟ್ಟಷ್ಟೂ ಗಿಟಾರೇ ಗೆಲ್ಲೋದು. ನಿಜವಾಗಿ ಕೆಡಿಸೋದು ಹೊರಗಿನ ಗಲಾಟೆ ಅಲ್ಲ, ನಿಮ್ಮ ಖಾಲಿ ಗೋಡೆ, ಸೌಂಡ್ ಅದಕ್ಕೆ ಬಡಿದು ವಾಪಸ್ ಮೈಕಿಗೇ ಬರುತ್ತೆ. ನಾನು ಊರಿಂದ ತಂದಿದ್ದ ಎರಡು ಕೌದಿನ ಬಟ್ಟೆ ಒಣಹಾಕೋ ಸ್ಟ್ಯಾಂಡ್ ಮೇಲೆ ನೇತಾಕಿ ಬೆನ್ನ ಹಿಂದೆ ನಿಲ್ಲಿಸ್ತೀನಿ, ಅಜ್ಜಿ ಹೊಲಿದ ದಪ್ಪ ಕೌದಿ ಮುಂದೆ ಅಂಗಡಿ ಫೋಮ್ ಶೀಟು ಏನೂ ಅಲ್ಲ. ಡೈನಾಮಿಕ್ ಮೈಕ್ ತಗೊಂಡ್ರೆ ಗಲಾಟೆ ಬರಲ್ಲ ಅಂತಾನೂ ಯಾರೋ ಹೇಳ್ತಾರೆ. ಮೆಲ್ಲಗೆ ನುಡಿಸೋ ಗಿಟಾರಿಗೆ ಅದರ ಗೇನ್ (ಮೈಕಿನ ಸಿಗ್ನಲ್ ಹೆಚ್ಚಿಸೋ ನಾಬು) ತಿರುವಿ ತಿರುವಿ ಏರಿಸ್ಬೇಕು, ಏರಿಸಿದ್ಮೇಲೆ ಆಟೋನೂ ಏರುತ್ತೆ.

ಮೈಕ್ ಇಡೋ ಜಾಗ: ಹನ್ನೆರಡನೇ ಫ್ರೆಟ್ಟಿನ (ಕುತ್ತಿಗೆ ಮೇಲಿನ ಲೋಹದ ಗೆರೆ) ಎದುರು, ಒಂದರಿಂದ ಒಂದೂವರೆ ಗೇಣು, ಮೂತಿ ಸ್ವಲ್ಪ ಕುತ್ತಿಗೆ ಬಾಡಿ ಸೇರೋ ಕಡೆ. ತೂತಿನ ಮುಂದೆ ಇಡ್ಬೇಡಿ, ಎಲ್ರೂ ಮೊದಲು ಅಲ್ಲೇ ಇಡ್ತಾರೆ, ಸೌಂಡ್ ಅಲ್ಲಿಂದ ತಾನೇ ಬರೋದು ಅಂತ. ಹೊಟ್ಟೆಯೊಳಗಿನ ಗಾಳಿ 100 ಹರ್ಟ್ಜ್ ಆಸುಪಾಸಲ್ಲಿ ಗುಂಯ್ ಅನ್ನುತ್ತೆ, ಐದನೇ ತಂತಿ ಮೀಟಿದಾಗೆಲ್ಲಾ ಊದಿಕೊಂಡಂಗೆ ಬರುತ್ತೆ. ಹೆಡ್‌ಫೋನ್ ಹಾಕ್ಕೊಂಡು ಯಾರಿಗಾದ್ರೂ ನುಡಿಸೋಕೆ ಹೇಳಿ ಮೈಕನ್ನ ಬೆರಳಷ್ಟು ಬೆರಳಷ್ಟು ಜರುಗಿಸಿ ಕೇಳಿ. ಕಂಡೆನ್ಸರ್ ಮೈಕಿಗೆ ಕರೆಂಟ್ ಕೊಡೋ ಇಂಟರ್‌ಫೇಸಿನ 48 ವೋಲ್ಟ್ ಬಟನ್ ಒತ್ತೋದು ಮರೆತು ಮೈಕ್ ಹಾಳಾಗಿದೆ ಅಂತ ಅಂಗಡಿಗೆ ಹೋಗ್ಬೇಡಿ, ನಾನು ಹೋಗಿದ್ದೆ.

ಇನ್ನೊಂದು, ಮೈಕ್‌ಗೂ ಮೊದ್ಲು ಏಳೆಂಟ್ನೂರು ಕೊಟ್ಟು ಹೊಸ ತಂತಿ ಹಾಕಿ. ನೀವು ಹಾಕಿರೋ ಫೋಟೋದಲ್ಲಿ ಮೂರನೇ ತಂತಿ ಕಪ್ಪಗಾಗಿರೋದು ನಂಗೆ ಇಲ್ಲಿಂದಾನೇ ಕಾಣ್ತಿದೆ, ಅದಕ್ಕೆ ಲಕ್ಷದ ಮೈಕಿಟ್ರೂ ಅಷ್ಟೇ.

ಎರಡೂ ತಗೊಳ್ಳೇಬೇಕು ಅಂತ ಹಟ ಇದ್ರೆ ತಗೊಳ್ಳಿ, ಪಿಕಪ್ ಟ್ರ್ಯಾಕ್ ಮ್ಯೂಟ್ ಮಾಡಿ ಪಕ್ಕಕ್ಕಿಡಿ, ಮೈಕ್ ಟೇಕಲ್ಲಿ ಎಲ್ಲಾದ್ರೂ ನಾಯಿ ಬೊಗಳಿದ್ರೆ ಆಮೇಲೆ ನೋಡಿದ್ರಾಯ್ತು. ಸೇರಿಸೋದಾದ್ರೆ ಅಲೆ ನೋಡಿ ಜರುಗಿಸಿ, ಮೋನೋದಲ್ಲಿ ಕೇಳಿ. ನಿಮ್ಮ ಹಾಡನ್ನ ಜನ ಕೇಳೋದು ಮೊಬೈಲಲ್ಲಿ, ಒಂದೇ ಒಂದು ಬ್ಲೂಟೂತ್ ಡಬ್ಬದಲ್ಲಿ, ಅಲ್ಲಿ ಎಷ್ಟೋ ಸಲ ಎಡಾನೂ ಬಲಾನೂ ಸೇರೇ ಬರೋದು.

ಹೋದ ವರ್ಷ ದಾವಣಗೆರೆಗೆ ಹೋಗಿ ಉಳಿದ ಎರಡು ಟ್ಯೂನ್ ಮಾತ್ರ ಮತ್ತೆ ಮಾಡಿದ್ವಿ, ಕೇಪೋ (ಕುತ್ತಿಗೆ ಮೇಲೆ ಎಲ್ಲಾ ತಂತಿನೂ ಅದುಮೋ ಕ್ಲಿಪ್ಪು) ಹಾಕ್ಕೊಂಡು, ನಿಧಾನಕ್ಕೆ. ನಾನು ಒಂದೇ ಮೈಕ್ ಇಟ್ಟೆ. ಮಾವ ಗಿಟಾರ್ ತಿರುಗಿಸಿ ಜ್ಯಾಕ್ ಹಾಕೋ ತೂತು ತೋರಿಸಿ "ವೈರ್ ಎಲ್ಲಲೇ?" ಅಂದ್ರು, ತಂದಿಲ್ಲ ಮಾವ ಅಂದೆ. ಎರಡನೇ ಟ್ಯೂನಿನ ಮಧ್ಯ ಅತ್ತೆ ಕುಕ್ಕರ್ ಒಂದು ವಿಷಲ್ ಹೊಡೆದಿದೆ, ಅದನ್ನ ತೆಗೆದಿಲ್ಲ, ಯಾಕಂದ್ರೆ ಅದಾದ್ಮೇಲಿನ ಭಾಗನ ಅವರು ಮತ್ತೆ ಅಷ್ಟು ಚೆನ್ನಾಗಿ ನುಡಿಸ್ಲಿಲ್ಲ. ಆ ಫೈಲ್ ಈಗ ಮೂರು ಕಡೆ ಇದೆ, ಒಂದು ಅತ್ತೆ ಬೀರುವಲ್ಲಿ, ಸೀರೆಗಳ ನಡುವೆ ಪೆನ್‌ಡ್ರೈವಲ್ಲಿ.