ಶುಗರ್‌ನಿಂದ ಅಪ್ಪನ ಕಾಲಿನ ನರ ಹಾಳಾಗಿದೆ, ಹೊಸ ಔಷಧದ ಟ್ರಯಲ್‌ಗೆ ಸೇರಿಸಬಹುದಾ?

ನೀವು ಕೇಳಿರುವುದು ಇಷ್ಟು: ಬಾಗೇಪಲ್ಲಿ ಹತ್ತಿರದ ಊರು, ಅಪ್ಪನಿಗೆ ತುಂಬ ವರ್ಷದಿಂದ ಶುಗರ್, ರಾತ್ರಿಯೆಲ್ಲ ಪಾದ ಉರಿ, ನಡೆದರೆ ಹತ್ತಿ ಮೇಲೆ ಕಾಲಿಟ್ಟ ಹಾಗೆ. ಬೆಂಗಳೂರಿನ ಡಾಕ್ಟರು ಟ್ರಯಲ್‌ಗೆ ಸೇರಿ ಅಂತಾರೆ, ಮನೆಯಲ್ಲಿ "ಅಪ್ಪನ ಮೇಲೆ ಪ್ರಯೋಗ ಮಾಡ್ತಾರೆ, ಬೇಡ" ಅಂತಾರೆ. ನಾನು ಚಿಂತಾಮಣಿಯವನು, ಇಂಥ ಸ್ಟಡಿಗಳಲ್ಲೇ ಕೋಆರ್ಡಿನೇಟರ್ ಆಗಿ ಕೆಲಸ ಮಾಡುತ್ತೇನೆ.

ಸೇರಿಸಬಹುದು. ಆದರೆ ಮೊದಲು ಡಾಕ್ಟರನ್ನು ನೇರವಾಗಿ ಕೇಳಿ, ಈ ಔಷಧ ಉರಿ ಕಡಿಮೆ ಮಾಡುವುದಕ್ಕಾ, ನರ ಸರಿ ಮಾಡುವುದಕ್ಕಾ? ಎರಡೂ ಬೇರೆ ಬೇರೆ. ಈಗ ಎಲ್ಲರಿಗೂ ಬರೆದುಕೊಡುವ ಪ್ರಿಗಾಬಾಲಿನ್, ಡುಲೋಕ್ಸೆಟಿನ್ ನೋವನ್ನಷ್ಟೇ ತಗ್ಗಿಸುತ್ತವೆ, ಹಾಳಾದ ನರ ಅವುಗಳಿಂದ ಮತ್ತೆ ಚಿಗುರುವುದಿಲ್ಲ. ಟ್ರಯಲ್‌ನ ಔಷಧವೂ ನೋವಿನದ್ದೇ ಆಗಿದ್ದರೆ, ಅಪ್ಪನ ಪಾದಕ್ಕೆ ಸ್ಪರ್ಶ ವಾಪಸ್ ಬರುತ್ತದೆ ಅಂತ ಕಾಯುತ್ತಾ ಕೂರಬೇಡಿ.

ಇನ್ನೊಂದು, ಕಾಯಿಲೆ ನಿಜಕ್ಕೂ ಶುಗರ್‌ನದ್ದೇನಾ ಅಂತ ಗಟ್ಟಿ ಮಾಡಿಕೊಳ್ಳಿ. ಅಪ್ಪ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಗೊಂಡಿದ್ದರೆ ವಿಟಮಿನ್ ಬಿ12 ಕಮ್ಮಿಯಾಗಿರಬಹುದು, ಅದರಿಂದಲೂ ಇದೇ ಥರ ಜೋಮು ಹಿಡಿಯುತ್ತದೆ, ಮತ್ತು ಅದಕ್ಕೆ ಇಂಜೆಕ್ಷನ್ ಇದೆ. ನಿಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಗೊತ್ತೇ ಇದೆ ಅಲ್ವಾ? ಫ್ಲೋರೈಡ್ ತೀರಾ ಜಾಸ್ತಿ ಇರುವ ನೀರನ್ನು ಬಹಳ ವರ್ಷ ಕುಡಿದವರಲ್ಲಿ ಕೆಲವರಿಗೆ ಬೆನ್ನುಮೂಳೆ ದಪ್ಪವಾಗಿ ಒಳಗಿನ ನರವನ್ನೇ ಒತ್ತುತ್ತದೆ. ಕತ್ತು, ಸೊಂಟ ಬಗ್ಗಿಸುವುದಕ್ಕೆ ಆಗದೆ ಕಾಲು ಬಿಗಿಯುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಒಂದು ಎಕ್ಸ್‌ರೇ ಆಗಲಿ. ಶುಗರ್ ಇದೆ ಅಂದ ತಕ್ಷಣ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಪರೀಕ್ಷೆಗಳಿಗೆ ಹೆದರಬೇಡಿ. ಕಣ್ಣು ಮುಚ್ಚಿಸಿ ಒಂದು ನೈಲಾನ್ ಎಳೆಯನ್ನು ಪಾದಕ್ಕೆ ಒತ್ತುತ್ತಾರೆ, 10 ಗ್ರಾಂ ಒತ್ತಡಕ್ಕೆ ಎಳೆ ಬಾಗುತ್ತದೆ, ಗೊತ್ತಾದರೆ ಹೇಳಬೇಕು. ನಮ್ಮ ಕಡೆ ಹಿರಿಯರು ಎಳೆ ತಾಗುವ ಮೊದಲೇ "ಹೂಂ" ಅನ್ನುತ್ತಾರೆ, ಡಾಕ್ಟರಿಗೆ ಬೇಜಾರಾಗಬಾರದಂತೆ! ಆಮೇಲೆ ಕರೆಂಟ್ ಕೊಟ್ಟು ನೋಡುವ ನರ್ವ್ ಕಂಡಕ್ಷನ್ ಟೆಸ್ಟ್. ಅದು ದಪ್ಪ ನರಗಳದ್ದನ್ನು ಮಾತ್ರ ಹೇಳುತ್ತದೆ. ಉರಿ, ಬಿಸಿ, ತಣ್ಣಗೆ ಇವೆಲ್ಲ ಸಣ್ಣ ನರಗಳ ಕೆಲಸ, ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದರೂ ಅಪ್ಪ ಸುಮ್ನೆ ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಕೆಲವು ಸ್ಟಡಿಗಳಲ್ಲಿ ಆ ಸಣ್ಣ ನರ ಎಣಿಸುವುದಕ್ಕೆ ಹಿಮ್ಮಡಿ ಗಂಟಿಗಿಂತ ಮೇಲೆ 3 ಮಿಲಿಮೀಟರಿನಷ್ಟು ಚರ್ಮ ತೆಗೆಯುತ್ತಾರೆ. ಗಾಯ ಬೇಗ ಮಾಯದವರಾದರೆ ಇದನ್ನು ಮೊದಲೇ ಕೇಳಿ.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ನಂಬರ್ ಕೊಡಬೇಕು. ಇಲ್ಲೇ ಜಾಸ್ತಿ ಎಡವಟ್ಟು. "ಈಗ ಎಂಟಾಣೆ ವಾಸಿ ಸ್ವಾಮಿ" ಅಂದರೆ ನಾನು ಫಾರಂನಲ್ಲಿ ಏನಂತ ಬರೆಯಲಿ? ರಾತ್ರಿ ಊಟ ಆದ ಮೇಲೆ ನೀವೇ ಅಪ್ಪನ ಪಕ್ಕ ಕೂತು ಡೈರಿ ಬರೆಸಿ, ಮಾರನೇ ದಿನ ನೆನಪು ಮಾಡಿಕೊಂಡು ಅಲ್ಲ. ಅವರಿಗೆ ಸಿಗುವುದು ಔಷಧವೇ ಇಲ್ಲದ ಬರೀ ಡಮ್ಮಿ ಮಾತ್ರೆಯೂ ಆಗಿರಬಹುದು. ಮೋಸ ಅಲ್ಲ, ನೋವಿನ ವಿಷಯದಲ್ಲಿ ಡಮ್ಮಿ ತಗೊಂಡವರಲ್ಲೂ ತುಂಬ ಜನ ಕಮ್ಮಿಯಾಯಿತು ಅನ್ನುತ್ತಾರೆ, ಅದಕ್ಕೇ ಹೋಲಿಸಿ ನೋಡಬೇಕು. ತಡೆಯಲಾಗದಷ್ಟು ಉರಿ ಬಂದರೆ ಯಾವ ಮಾತ್ರೆ ತಗೋಬಹುದು ಅಂತ ಮಾತ್ರ ಬರೆಸಿಕೊಳ್ಳಿ.

ಕಾಗದಪತ್ರ: ಇಂಥ ಟ್ರಯಲ್ ಸಿಟಿಆರ್‌ಐ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ನೋಂದಣಿ ಆಗಿರಲೇಬೇಕು, 2009ರಿಂದ ಕಡ್ಡಾಯ. ನಂಬರ್ ಕೇಳಿ, ಹುಡುಕಿ ನೋಡಿ. 2019ರ ನಿಯಮದ ಪ್ರಕಾರ ಟ್ರಯಲ್‌ನಿಂದಲೇ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಉಂಟು. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಅನ್ನಿ, ಮನೆಗೆ ತಂದು ಓದಿ, ಅಪ್ಪನಿಗೂ ಓದಿ ಹೇಳಿ, ಅಲ್ಲೇ ನಿಂತು ಸಹಿ ಹಾಕಿಸಬೇಡಿ. ಮಧ್ಯದಲ್ಲಿ ಬೇಡ ಅನಿಸಿದರೆ ಬಿಡಬಹುದು, ಮಾಮೂಲಿ ಚಿಕಿತ್ಸೆಗೆ ಅದರಿಂದ ಅಡ್ಡಿ ಆಗಬಾರದು.

ಖಾಲಿ ಹೊಟ್ಟೆಯಲ್ಲಿ ಬ್ಲಡ್ ಟೆಸ್ಟ್ ಇರುವ ದಿನ ಬೆಳಗಿನ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಏನು ಮಾಡಬೇಕು ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಮಾತ್ರೆ ನುಂಗಿ, ತಿಂಡಿ ಇಲ್ಲದೆ ಬಾಗೇಪಲ್ಲಿಯಿಂದ ಬಸ್ ಹತ್ತಿದರೆ ದಾರಿಯಲ್ಲೇ ಶುಗರ್ ಇಳಿಯಬಹುದು. ಬಸ್ ಚಾರ್ಜ್ ಕೊಡುತ್ತಾರಾ ಅಂತಲೂ ಕೇಳಿ, ಸಂಕೋಚ ಬೇಡ, ಎಷ್ಟೋ ಸ್ಟಡಿಗಳಲ್ಲಿ ಕೊಡುತ್ತಾರೆ.